ತಿದಿ ಒತ್ತುವವನ ಮೌನ

ಕಬ್ಬಿಣ ಕಾಯಿಸಿದ ಕೈಯಲ್ಲ ಇದು. ಆದರೂ ಹೇಳಲು ಹೊರಟಿದ್ದೇನೆ; ತಪ್ಪಿದರೆ ಓದುವವರು ಮನ್ನಿಸಬೇಕು.

ಜಗಳೂರಿನಾಚೆಯ ಗುಡ್ಡಕ್ಕೆ ಮೂವರು ಹೊರಟರು. ಚನ್ನಗಿರಿಯ ಕಮ್ಮಾರ ಮನೆತನದ ಗಾದ್ರಮ್ಮನಿಗೆ ಬೇಕಾಗಿದ್ದದ್ದು ಒಂದು ಮುಷ್ಟಿ ಕಬ್ಬಿಣ. ಮನೆದೇವರ ಮುಂದಿನ ಗೂಟ ತುಕ್ಕು ಹಿಡಿದು ಮುರಿದಿತ್ತು. ಹೊಸದು ಹಿರಿಯರು ಕಬ್ಬಿಣ ತೆಗೆಯುತ್ತಿದ್ದ ಆ ಗುಡ್ಡದ ಕಲ್ಲಿನಿಂದಲೇ ಆಗಬೇಕು. ಕುಲುಮೆಗೆ ಗಾಳಿ ಊದುವ ತಿದಿ ಒತ್ತಲು ಮಗ ಭೀಮೇಶ್. ಜೊತೆಗೆ ನ್ಯಾಮತಿಯ ವಿಜ್ಞಾನದ ಟೀಚರ್ ಸುನೀತಾ. ಪಾಠ ಮಾಡಿದ್ದನ್ನು ಒಮ್ಮೆಯಾದರೂ ಕಣ್ಣಾರೆ ಕಾಣುವ ಆಸೆ ಅವಳದು.

ಇಳಿಜಾರಿನ ತುಂಬ ಜಾಲಿಮುಳ್ಳು, ಕಾದ ಬಂಡೆ. ಏರಿದಂತೆಲ್ಲ ಮಣ್ಣು ಕೆಂಪಾಯಿತು; ಹಿಂದೆ ಕಬ್ಬಿಣ ತೆಗೆದು ಎಸೆದ ಕಿಟ್ಟದ ಕರಿಚೂರುಗಳು ಕಾಲಡಿ ಕರಕರ ಎಂದವು. ನೆತ್ತಿಯಲ್ಲಿ ಗಾಳಿ ಬೆಂಕಿಯನ್ನು ನಿಲ್ಲಗೊಡಲಿಲ್ಲ. ಪಕ್ಕದ ಗವಿಯೊಳಗೆ ಮಣ್ಣಿನ ಕುಲುಮೆ ಕಟ್ಟಿ ಬೆಂಕಿ ಹಚ್ಚಿದರು.

"ಬರೀ ಇದ್ದಿಲಿಗೆ ಈ ಕಲ್ಲು ಕಬ್ಬಿಣ ಬಿಡತೈತಾ ಮೇಡಂ?" ಭೀಮೇಶ್ ಕೇಳಿದ.

"ಕಲ್ಲಿನಾಗೆ ಕಬ್ಬಿಣಾನ ಆಮ್ಲಜನಕ ಹಿಡ್ಕಂಡೈತೆ. ಇದ್ದಿಲಿಗೆ ಬಲ ಜಾಸ್ತಿ, ಕಿತ್ಕಂತೈತೆ. ಅಲ್ಯೂಮಿನಿಯಂ ಆಗಿದ್ರೆ ಇದ್ದಿಲಿನ ಆಟ ನಡೀತಿರ್ಲಿಲ್ಲ."

"ಹಂಗಾರೆ ಅವ್ವಂಗೆ ಪಾತ್ರೆ ಮಾಡಾಕೆ ಆಗಲ್ಲ ಅನ್ರಿ."

"ಬಾಯಿ ಮುಚ್ಚೋ!" ಗಾದ್ರಮ್ಮ ಗದರಿದಳು. "ಬೆಂಕಿ ಹಚ್ಚಿದ ಮ್ಯಾಲೆ ಕಬ್ಬಿಣ ಇಳಿಯೋ ತನಕ ತಿದಿ ಒತ್ತೋನು ಮಾತಾಡಂಗಿಲ್ಲ. ನಮ್ಮನೆ ಕಟ್ಟಳೆ."

ಭೀಮೇಶ್ ತುಟಿ ಬಿಗಿದ. ತಿದಿ ಉಸಿರಾಡಿತು. ಹೆಂಗಸರಿಬ್ಬರೂ ಇದ್ದಿಲು, ಕಲ್ಲು ಸುರಿದು ಹೊರಗೆ ಬಂದು ಮತ್ತೆ ಕಲ್ಲು ಒಡೆಯತೊಡಗಿದರು.

ಬಹಳ ಹೊತ್ತಿನ ಮೇಲೆ ತಿದಿಯ ಸದ್ದು ಕುಂದಿತು.

"ದಣಿದಾನೆ," ಎಂದಳು ಗಾದ್ರಮ್ಮ.

ಸುನೀತಾ ಒಳಗೆ ಇಣುಕಿದಳು. ಭೀಮೇಶನ ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಕೈ ಮಾತ್ರ ತಿದಿ ಬಿಟ್ಟಿರಲಿಲ್ಲ.

ಅವಳಿಗೆ ಥಟ್ಟನೆ ಅರ್ಥವಾಯಿತು. ಆಮ್ಲಜನಕದೊಡನೆ ಸೇರಿದ ಇದ್ದಿಲಿನ ಇಂಗಾಲ ವಾಸನೆಯಿಲ್ಲದ ವಿಷಗಾಳಿಯಾಗಿ ಗವಿ ತುಂಬಿತ್ತು. ತಾನೇ ಹೇಳಿಕೊಟ್ಟ ಪಾಠ! ಕುಲುಮೆ ಕಟ್ಟುವಾಗ ಹೊಳೆದಿರಲಿಲ್ಲ. ಒಳಗಿಂದ ಅವನ ಕೂಗೂ ಕೇಳಿರಲಿಲ್ಲ.

"ಎಳೀರಿ ಗಾದ್ರಮ್ಮ!"

"ಈಗ ಬಿಟ್ರೆ ಕಬ್ಬಿಣ..."

"ನಿಮ್ಮ ಮಗ ಸಾಯ್ತಾನ್ರೀ!"

ಉಸಿರು ಬಿಗಿಹಿಡಿದು ನುಗ್ಗಿದರು. ಆಳಿಗೊಂದು ತೋಳು ಹಿಡಿದರು. ಎಳೆದರು. ಮೊಣಕಾಲು ತರಚಿದವು. ಬಿಸಿಲಿಗೆ ಬಂದು ಬಿದ್ದರು.

ಭೀಮೇಶ್ ಕೊನೆಗೂ ಕೆಮ್ಮಿದ, ವಾಂತಿ ಮಾಡಿದ. ಗಾದ್ರಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. "ಮಾತಾಡಪ್ಪ. ಏನಾರ ಒಂದು ಮಾತಾಡು."

"ನೀರು, ಅವ್ವ."

ಮೊದಲು ಅವನನ್ನು ಜಗಳೂರಿನ ಆಸ್ಪತ್ರೆಗೆ ಸೇರಿಸಿದರು. ಚೇತರಿಸಿಕೊಂಡ ಮೇಲೆ ಮೂವರೂ ಮತ್ತೆ ಗುಡ್ಡ ಹತ್ತಿ ತಣ್ಣಗಾಗಿದ್ದ ಕುಲುಮೆ ಒಡೆದರು. ಕಿಟ್ಟದ ನಡುವೆ ನಿಂಬೆಹಣ್ಣಿನಷ್ಟು ಉಂಡೆ. ಕಾಯಿಸಿ ಸುತ್ತಿಗೆಯಿಂದ ಹೊಡೆದಾಗ ಪುಡಿಯಾಗಲಿಲ್ಲ, ಚಪ್ಪಟೆಯಾಯಿತು; ಕಬ್ಬಿಣವೇ ಸರಿ. ಚನ್ನಗಿರಿಯ ಮನೆದೇವರ ಮುಂದೆ ಬೆರಳುದ್ದದ ಗೂಟ ನಿಂತಿತು. ಅಷ್ಟೇ ಸಾಕೆಂದಳು ಗಾದ್ರಮ್ಮ.

ತಲೆ ಸುತ್ತಿದಾಗ ಭೀಮೇಶ್ ಕೂಗನ್ನು ನುಂಗಿಕೊಂಡನೋ, ಕೂಗುವ ಶಕ್ತಿಯೇ ಇರಲಿಲ್ಲವೋ? ಸುನೀತಾ ಕೇಳಿದಳು. ಅವನಿಗೆ ನೆನಪಿಲ್ಲ. ನನಗೂ ಗೊತ್ತಿಲ್ಲ.