ಕಾಲಿಗಿ ನೀರು

ಎಪ್ಪತ್ನಾಲ್ಕರಾಗ ನಡೆದದ್ದು ಹೇಳ್ತೀನಿ, ನಂಬಿದ್ರ ನಂಬ್ರಿ. ದುಬಲಗುಂಡಿಯಾಗ ನಮ್ಮತ್ತಿ ಅಂಬುಬಾಯಿಗಿ ಮರೆವು ಹತ್ತಿತ್ತು, ಉಂಡದ್ದೂ ನೆನಪಿರ್ತಿದ್ದಿಲ್ಲ. "ವಯಸ್ಸಿಗಿ ಮಿದುಳು ಸವೀತದ" ಅಂತ ಹುಮನಾಬಾದಿನ ಡಾಕ್ಟರು ಅಂದಿದ್ರು.

ದಿನಾ ಮಧ್ಯಾಹ್ನ ಅತ್ತಿ, "ನಿಮ್ಮ ಮಾವ ಹೊಲದಿಂದ ಬಂದಾರ, ಕಾಲಿಗಿ ನೀರು ಕೊಡು" ಅಂತಿದ್ಳು. ಮಾವ ಸತ್ತು ಎಷ್ಟೋ ವರ್ಷ ಆಗಿತ್ತು. ಮುದುಕಿ ಸಮಾಧಾನಕ್ಕಂತ ನಾ ಹೊಸ್ತಿಲ ಹೊರಗ ತಂಬಿಗಿ ಇಡ್ತಿದ್ದೆ. ಸ್ವಲ್ಪ ಹೊತ್ತಿಗಿ ತಂಬಿಗಿ ಬರಿದಾಗಿ, ಹೊರಗಿನ ಕಲ್ಲು ತೊಯ್ದಿರ್ತಿತ್ತು. ಅತ್ತೀನೇ ಚೆಲ್ಲಿ ನಾಟಕ ಮಾಡಾಕತ್ತಾಳ ಅಂತ ನನಗ ಗುಮಾನಿ.

ಒಂದು ದಿನ ತಂಬಿಗಿ ಇಟ್ಟು ಬಂದು, ಒಳಗ ಆಕಿ ಕೈ ಹಿಡಕೊಂಡೇ ಕುಂತೆ. ಹೊರಗ ನೀರು ಸುರಿದ ಸಪ್ಪಳ ಆತು.

ಅತ್ತಿ ಕಣ್ಣು ಒಮ್ಮೆಲೆ ತಿಳಿಯಾದ್ವು. "ಸರೂ, ನಿಮ್ಮ ಮಾವ ಸತ್ತು ಹೋಗ್ಯಾರಲ್ಲ. ಮತ್ತ ದಿನಾ ಯಾರಿಗಿ ನೀರು ಕೊಟ್ಟು ಒಳಗ ಕರ್ಯಾಕತ್ತಿ?"

ಅವತ್ತು ಹೊಸ್ತಿಲ ಒಳಗಿನ ಕಲ್ಲೂ ತೊಯ್ದಿತ್ತು.