ನೀಲಿ ಕೆನ್ನೆಯ ರೋಗಿ

"ಸುಮಿನಾರ್ ಅಕ್ಕಾ, ನಮ್ಮಜ್ಜನ ಕಾಲದ ವಿದೂಷಕ ಸೆಮಾರ್ ಗೊಂಬೆ ಕಾಣ್ತಿಲ್ಲ!"

ತೊಗಲುಗೊಂಬೆ ಆಡಿಸುವ ಹರ್ಜೊ ಏದುಸಿರು ಬಿಡುತ್ತ ಸುಮಿನಾರಳ ಊಟದಂಗಡಿಗೆ ನುಗ್ಗಿದ್ದ. ಎಲ್ಲರೂ ನೆರೆಮನೆಯ ಊಟಕ್ಕೆ ಹೋಗಿದ್ದಾಗ ಅವನ ಮನೆಯಲ್ಲಿ ಉಳಿದವರು ಇಬ್ಬರೇ: ಹಾಡುಗಾರ್ತಿ ಲಾಸ್ತ್ರಿ, ಮಂಗನಬಾವು ಬಂದು ಮಲಗಿದ್ದ ಸೋದರಳಿಯ ಪಾಂಜಿ.

"ಲಾಸ್ತ್ರೀನೇ ಕದ್ದಿರೋದು. ಇವತ್ತು ರಾತ್ರಿ ಆಟದ ಹೊತ್ತಿಗೆ ಕೊಡದಿದ್ರೆ ಮೇಳದಿಂದ ಹೊರಗೆ!"

ಸೋಲೊ ಊರಿನ ಆ ಕೇರಿಯಲ್ಲಿ ಏನು ಕಳೆದರೂ ಸುಮಿನಾರಳೇ ಹುಡುಕಬೇಕು. ಅವಳು ಸೌಟು ಕೆಳಗಿಟ್ಟು ಹೊರಟಳು. ಹುಳಿಮಾವಿಗೆ ಖಾರ ಕಲಸಿದ ರುಜಾಕ್ ಪೊಟ್ಟಣ ಹಿಡಿದು ಗಂಡ ಕಾಸ್ದಿ ಹಿಂದೆಯೇ ಓಡಿದ. ಇಂಥದ್ದೆಂದರೆ ಅವನಿಗೆ ಹಬ್ಬ.

"ನನ್ನ ಚೀಲ ಎಷ್ಟು ಸಲ ಸುರಿದ್ರೋ! ಪಾಂಜಿ ಕೋಣೆಗೆ ಮಾತ್ರ ಒಬ್ಬ ಗಂಡಸೂ ಕಾಲಿಡಲಿಲ್ಲ," ಎಂದಳು ಹರ್ಜೊ ಮನೆಯಲ್ಲಿ ಕೂತಿದ್ದ ಲಾಸ್ತ್ರಿ, ಕಣ್ಣೊರೆಸಿಕೊಳ್ಳುತ್ತ.

"ಇಡೋದು ಹೇಗೆ? ಆ ಬಾವು ಗಂಡಸ್ರಿಗೆ ಎಲ್ಲಿಗಿಳಿಯುತ್ತೆ ಗೊತ್ತಲ್ಲ!" ಎಂದ ಹರ್ಜೊ. ಕಾಸ್ದಿ ಮೆಲ್ಲಗೆ ಹಿಂದೆ ಸರಿದ.

ಸುಮಿನಾರ್ ಗೋಡೆಯ ಫೋಟೋ ನೋಡುತ್ತಿದ್ದಳು. "ಈ ನೀಲಿ ಕೆನ್ನೆ ಮಂಗಗಳು ಯಾರು?"

"ನನ್ನ ಮಗಳೂ ಪಾಂಜಿನೂ. ಆಗಿನ್ನೂ ಚಿಕ್ಕವ್ರು," ಎಂದ ಹರ್ಜೊ.

"ನಂಗೂ ಈ ಬಾವು ಚಿಕ್ಕಂದಿನಲ್ಲೇ ಬಂದು ಹೋಗಿದೆ," ಎನ್ನುತ್ತ ಸುಮಿನಾರ್ ಕಾಸ್ದಿಯ ಕೈಯಿಂದ ಪೊಟ್ಟಣ ಕಿತ್ತುಕೊಂಡು ಧೈರ್ಯವಾಗಿ ಕೋಣೆಯೊಳಗೆ ನಡೆದಳು. ಚಾಪೆಯ ಮೇಲೆ ಪಾಂಜಿ ನರಳುತ್ತಿದ್ದ. ದವಡೆಗೆ ದಪ್ಪ ಬಟ್ಟೆ ಸುತ್ತಿತ್ತು. ಆ ಊರಲ್ಲಿ ಬಾವು ಬಂದವರಿಗೆಲ್ಲ ಬಳಿಯುವಂತೆ ಕೆನ್ನೆಗೆ, ಬಟ್ಟೆ ಒಗೆಯುವಾಗ ಹಾಕುವ ನೀಲಿ ಬಳಿದಿತ್ತು. ಅವಳು ಹಣೆ ಮುಟ್ಟಿ ನೋಡಿದಳು. "ಪಾಪ, ಹಸಿದಿರ್ತೀಯ," ಎಂದು ರುಜಾಕ್ ಕೊಟ್ಟಳು. ಅವನು ಪೊಟ್ಟಣ ನೆಕ್ಕಿ ಮುಗಿಸಿದ.

"ಎಲ್ರೂ ಬನ್ನಿ!" ಸುಮಿನಾರ್ ಕೂಗಿದಳು. ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿದರು.

"ಮೈಗೆ ಇಬ್ರು ಕಾವಲುಗಾರರು. ಒಬ್ಬ ಹುಟ್ಟಿನಿಂದ ಇರೋನು, ಬೀದಿನಾಯಿ ಥರ. ಹೊಸಬ ಯಾರೇ ಬಂದ್ರೂ ಮೇಲೆ ಬೀಳ್ತಾನೆ, ಜ್ವರ ಏರಿಸ್ತಾನೆ. ಇವನ ಹಣೆ ಬಾಳೆದಿಂಡಿನ ಹಾಗೆ ತಣ್ಣಗಿದೆ. ಇನ್ನೊಬ್ಬ ಪೆಟ್ಟು ತಿಂದು ಕಲಿತೋನು. ಒಮ್ಮೆ ಬಂದ ಕಳ್ಳನ ಮುಖ ನೆನಪಿಟ್ಟು, ಮತ್ತೆ ಬಂದ್ರೆ ಬಾಗಿಲಲ್ಲೇ ಹಿಡೀತಾನೆ. ಅದಕ್ಕೇ ಈ ಬಾವು ಎರಡನೇ ಸಲ ಬರೋದು ಅಪರೂಪ. ಇವನಿಗೆ ಬಂದು ಹೋಗಿರೋದಕ್ಕೆ ಆ ಫೋಟೋನೇ ಸಾಕ್ಷಿ!"

"ಅಪರೂಪಕ್ಕೆ ಬಂದಿರಬಾರ್ದಾ?" ಪಾಂಜಿ ಕೇಳಿದ.

"ಬಂದಿದ್ರೆ, ಹುಳಿ ನಾಲಿಗೆಗೆ ತಾಗಿದ ಕೂಡ್ಲೇ ದವಡೆ ಹಿಡಿದು ಕಿರುಚ್ತಿದ್ದೆ. ನೀನು ಪೊಟ್ಟಣಾನೂ ಬಿಡಲಿಲ್ಲ!"

ಅವಳು ಬಟ್ಟೆ ಎಳೆದಳು. ಬೂರುಗದ ಹತ್ತಿ ಹಾರಿತು. ಚಾಪೆ ಎತ್ತಿದರೆ ಅಡಿಯಲ್ಲಿ ಸೆಮಾರ್ ನಗುತ್ತಿದ್ದ!

"ಗೊಂಬೆಗಳೆಲ್ಲ ಮಗಳಿಗೇ ಅಂದ್ರಲ್ಲ, ಮಾವ. ಇಷ್ಟು ದಿನ ಪೆಟ್ಟಿಗೆ ಹೊತ್ತ ನಾನ್ಯಾರು?" ಪಾಂಜಿ ಬಿಕ್ಕಿದ.

ಹರ್ಜೊ ಗೊಂಬೆಯನ್ನು ಲಾಸ್ತ್ರಿಯ ಕೈಗಿಟ್ಟ. "ತಪ್ಪಾಯ್ತಮ್ಮ. ಇವನನ್ನ ಏನು ಮಾಡ್ಬೇಕೋ ನೀನೇ ಹೇಳು."

ಮುಖ ತೊಳೆಯಲು ಎದ್ದ ಪಾಂಜಿಗೆ ಲಾಸ್ತ್ರಿ ಅಡ್ಡ ನಿಂತಳು. "ತೊಳೀಬೇಡ. ಹೀಗೇ ಬಂದು ನನ್ನ ಪಕ್ಕ ಕೂತು ಜಾಗಟೆ ಬಾರಿಸು. ಯಾಕೆ ನೀಲಿ ಅಂತ ಕೇಳಿದವ್ರಿಗೆಲ್ಲ ನೀನೇ ಹೇಳು."

ಅಂದು ಪರದೆಯ ಮೇಲೆ ಸೆಮಾರ್ ಎದ್ದಾಗ ಲಾಸ್ತ್ರಿಯ ದನಿ ಕೇರಿಯನ್ನೆಲ್ಲ ತುಂಬಿತು. ನೀಲಿ ಕೆನ್ನೆಯ ಪಾಂಜಿ ತಲೆ ತಗ್ಗಿಸಿ ಜಾಗಟೆ ಬಾರಿಸಿದ. ಕಾಸ್ದಿ ಮಾತ್ರ ಅವನಿಂದ ದೂರ, ಕಟ್ಟಕಡೆಯ ಸಾಲಿನಲ್ಲಿ ಕುಳಿತಿದ್ದ. ಎಷ್ಟೆಂದರೂ ಅವನಿಗೆ ಆ ಬಾವು ಇನ್ನೂ ಬಂದಿರಲಿಲ್ಲ.