ಗೆರೆ ತಪ್ಪಿದ ಬೆಸುಗೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೆಂಗಸೊಬ್ಬಳು ತನ್ನ ಅಣ್ಣನ ಜೊತೆ ಠಾಣೆಗೆ ಬಂದಳು. ಬಾಗಿಲಲ್ಲಿ, "ಮೆಟ್ಟಿಲಿದೆ ಅಣ್ಣ," ಎಂದಳು. ಅವನು ಕಾಲಲ್ಲಿ ತಡವಿ ಹತ್ತಿದ.

ಶನಿವಾರ ಮುದ್ರಣಾಲಯದ ಸರಕಿನ ಲಿಫ್ಟ್ ಮೂರನೇ ಮಹಡಿಯಿಂದ ಬಿದ್ದು, ಅದನ್ನು ನಡೆಸುತ್ತಿದ್ದ ಅವಳ ಗಂಡ ಸತ್ತಿದ್ದ. ಮಿತಿ ಮೀರಿ ಕಾಗದ ಹೇರಿದ್ದ, ತಪ್ಪು ಅವನದೇ ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟಾಗಿತ್ತು.

"ಸತ್ತೋರು ಎದ್ದು ಬಂದು ಮಾತಾಡಲ್ವಲ್ಲ ಸಾರ್, ಅದಕ್ಕೇ ಅವರ ತಲೆಗೆ ಕಟ್ತಿದಾರೆ," ಎಂದಳು. "ನಾಳೆ ಮಗಳು ಕೇಳಿದ್ರೆ ಏನು ಹೇಳ್ಲಿ? ನಿಮ್ಮಪ್ಪ ತನ್ನ ತಪ್ಪಿಂದಾನೇ ಸತ್ತ ಅಂತಲಾ?"

ಇನ್‌ಸ್ಪೆಕ್ಟರ್ ಅಣ್ಣನ ಕಡೆ ತಿರುಗಿದರು. "ನೀವು?"

"ಅಲ್ಲೇ ವೆಲ್ಡರ್ ಸಾರ್. ಇವಳ ಗಂಡನ್ನ ಕೆಲಸಕ್ಕೆ ಸೇರಿಸಿದ್ದೂ ನಾನೇ."

ಎಫ್‌ಐಆರ್ ದಾಖಲಾಯಿತು. ದೂರಿನ ಕೆಳಗೆ ಸಾಕ್ಷಿಯಾಗಿ ಅವನು ಹಾಕಿದ ರುಜು ಗೆರೆ ಬಿಟ್ಟು ಕೆಳಗಿಳಿಯಿತು.

"ಕನ್ನಡಕ ಮಾಡಿಸ್ಕೋ ಅಂದ್ರೆ ಕೇಳಲ್ಲ," ತಂಗಿ ಗದರಿದಳು.

"ನನ್ನ ಕಣ್ಣು ಸರಿಯಾಗೇ ಇದೆ."

ಮಂಗಳವಾರ ವಿಧಿವಿಜ್ಞಾನ ಪ್ರಯೋಗಾಲಯದ ಎಂಜಿನಿಯರ್ ಮುದ್ರಣಾಲಯಕ್ಕೆ ಬಂದರು. ಮೊದಲು ಚೆಲ್ಲಾಪಿಲ್ಲಿಯಾಗಿದ್ದ ಕಾಗದದ ಕಟ್ಟುಗಳನ್ನೆಲ್ಲ ತೂಗಿಸಿದರು. ಕೆಲವಕ್ಕೆ ರಕ್ತ ಅಂಟಿತ್ತು. ಒಟ್ಟು ತೂಕ ಲಿಫ್ಟಿನ ಮಿತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು, ಅಷ್ಟೇ. ಉಕ್ಕಿನ ಹಗ್ಗವೂ ಹರಿದಿರಲಿಲ್ಲ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯಲ್ಲಿ ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ ಬುಡಸಮೇತ ಕಿತ್ತು ಬಂದಿತ್ತು. ಎಂಜಿನಿಯರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ರೋಗಿಯನ್ನು ನೋಡುವ ವೈದ್ಯರಂತೆ ಭೂತಗನ್ನಡಿಯಲ್ಲಿ ನೋಡುತ್ತ ನಿಂತುಬಿಟ್ಟರು.

"ನಾಡಿ ಸಿಕ್ತಾ ಸಾರ್?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಸಿಕ್ತು. ಹುಟ್ಟುವಾಗಲೇ ಸತ್ತಿದೆ ಇದು."

ಅವರು ಇನ್‌ಸ್ಪೆಕ್ಟರನ್ನು ಹತ್ತಿರ ಕರೆದರು. ಕೊಂಡಿಯ ಎರಡು ಕಬ್ಬಿಣದ ಫಲಕಗಳು ಕೂಡುವ ಗೆರೆಯ ಮೇಲೆ ಬೆಸುಗೆ ಕೂರಬೇಕಿತ್ತು. ಅದು ಹಗ್ಗ ಹಿಡಿದು ಎಳೆದಷ್ಟು ನೇರವಾಗಿ, ಆದರೆ ಗೆರೆಯ ಪಕ್ಕದಲ್ಲಿ ಕೂತಿತ್ತು. ಒಂದು ತುದಿಯಲ್ಲಿ ಮಾತ್ರ ಚೂರು ಕಚ್ಚಿಕೊಂಡಿತ್ತು. ಮೇಲೆ ಉಜ್ಜಿ ಬಣ್ಣ ಬಳಿದಿದ್ದರು. ಬಣ್ಣ ಬೆಸೆಯದೆ ಉಳಿದ ಬಿರುಕಿನೊಳಗೂ ಇಳಿದಿತ್ತು.

"ಅಂದ್ರೆ ಬಣ್ಣ ಹಚ್ಚೋಕೆ ಮುಂಚೇನೇ ಬಿರುಕಿತ್ತು," ಎಂದರು ಎಂಜಿನಿಯರ್. "ಕೈ ಚೆನ್ನಾಗಿ ಪಳಗಿದೆ ಇನ್‌ಸ್ಪೆಕ್ಟರೇ. ಕಣ್ಣಿಲ್ಲ."

ಇನ್‌ಸ್ಪೆಕ್ಟರಿಗೆ ಗೆರೆ ಬಿಟ್ಟಿಳಿದ ರುಜು ನೆನಪಾಯಿತು. ಪಂಚನಾಮೆ ಮುಗಿದ ಮೇಲೆ ಮ್ಯಾನೇಜರನ್ನು ಕರೆಸಿದರು.

"ಕೊಂಡಿ ಬೆಸೆದದ್ದು ಯಾರು?"

"ನಮ್ಮ ವೆಲ್ಡರೇ. ಎರಡು ತಿಂಗಳಾಯ್ತು."

"ಪರೀಕ್ಷೆ ಮಾಡಿದ್ದು?"

"ಅವನ ಕೆಲಸಾನ ಯಾರೂ ಪರೀಕ್ಷೆ ಮಾಡಲ್ಲ ಸಾರ್. ಮಾಡಿದ್ರೆ ಅವನಿಗೆ ಅವಮಾನ."

"ಮತ್ತೆ ಜಾಸ್ತಿ ಹೇರಿದ್ದ ಅಂತ ಹೇಳಿಕೆ ಹೇಗೆ ಕೊಟ್ರಿ? ತೂಗಿದ್ರಾ?"



ಶುಕ್ರವಾರ ವರದಿ ಬಂತು. ಅಣ್ಣತಂಗಿ ಇಬ್ಬರನ್ನೂ ಠಾಣೆಗೆ ಕರೆಸಿದರು. ಎಂಜಿನಿಯರೂ ಇದ್ದರು.

"ನಿಮ್ಮ ಗಂಡನ ತಪ್ಪು ಏನೂ ಇಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಣ್ಣನ ತೋಳು ಅಲುಗಿಸಿ, "ಕೇಳಿಸ್ತಾ? ಅವರದ್ದೇನೂ ತಪ್ಪಿಲ್ವಂತೆ," ಎಂದಳು.

ಎಂಜಿನಿಯರ್ ಕೊಂಡಿಯನ್ನು ಅಣ್ಣನ ಮುಂದಿಟ್ಟರು.

"ಗೆರೆ ಎಲ್ಲಿದೆ ತೋರಿಸಿ," ಎಂದರು ಇನ್‌ಸ್ಪೆಕ್ಟರ್.

ಅವನು ಬಗ್ಗಿ ನೋಡಲಿಲ್ಲ. ಹೆಬ್ಬೆರಳು ಕಬ್ಬಿಣದ ಮೇಲೆ ನಿಧಾನವಾಗಿ ಸರಿದು, ಬೆಸುಗೆ ದಾಟಿ ನಿಂತಿತು.

"ಇಲ್ಲಿ."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಆರಿದ ಮೇಲೆ ಮುಟ್ಟಿ ನೋಡಿದೆ."

"ಮತ್ತೆ?"

"ಉಜ್ಜಿ ಬಣ್ಣ ಹಚ್ಚಿದೆ. ರಜಾ ದಿನ ಒಬ್ಬನೇ ಬಂದು ಸರಿಮಾಡೋಣ ಅಂತಿದ್ದೆ. ಎರಡು ಸಲ ಬಂದೆ ಸಾರ್. ಎರಡು ಸಲವೂ ಗೆರೆ ಕಾಣಲಿಲ್ಲ."

"ಯಾರಿಗಾದ್ರೂ ಹೇಳಬಹುದಿತ್ತಲ್ಲ?"

"ಏನಂತ ಹೇಳ್ಲಿ?"

ತಂಗಿ ಅವನ ತೋಳಿನ ಮೇಲಿದ್ದ ಕೈಯನ್ನು ತೆಗೆದಳು. "ಲಿಫ್ಟ್ ಹತ್ತಬೇಡ ಅಂತ ಅವರಿಗಾದ್ರೂ ಹೇಳಬಹುದಿತ್ತು," ಎಂದಳು. ದನಿ ಏರಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಮಧ್ಯಾಹ್ನ ಅವನ ಬಂಧನವಾಯಿತು. ಪರೀಕ್ಷೆ ಮಾಡಿಸದ ಮ್ಯಾನೇಜರ್ ಎರಡನೇ ಆರೋಪಿ. ಅಣ್ಣನಿಗೆ ದ್ವೇಷವಿರಲಿಲ್ಲ, ಲಾಭವೂ ಇರಲಿಲ್ಲ. ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಂಡರೆ ಮರುದಿನದಿಂದ ತಾನು ಯಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಇದನ್ನು ಕೇಸ್ ಡೈರಿಯಲ್ಲಿ ಬರೆಯಲು ಹೋಗಿ, ಅಲ್ಲಿ ಜಾಗವಿಲ್ಲದ ಮಾತು ಎನಿಸಿ ಬಿಟ್ಟರು.

ಹೆಡ್ ಕಾನ್‌ಸ್ಟೇಬಲ್ ಅವನನ್ನು ಜೀಪಿನ ಕಡೆ ಕರೆದೊಯ್ದ. ಠಾಣೆಯ ಬಾಗಿಲ ಬಳಿ ಅವನು ನಿಂತ. ತಂಗಿ ಎರಡು ಹೆಜ್ಜೆ ಹಿಂದೆಯೇ ಇದ್ದಳು. ಅವನು ಕಿವಿಗೊಟ್ಟು ಕಾದ. ಅವಳು ಏನೂ ಹೇಳಲಿಲ್ಲ.

ಅವನು ಕಾಲು ಮುಂದೆ ಚಾಚಿ ಮೆಟ್ಟಿಲು ಹುಡುಕತೊಡಗಿದ.